ಅಕ್ಕನ ತಲೆನೋವು, ನನ್ನ ಕಿವಿ

ನಮ್ಮ ಮನೆಯಲ್ಲಿದ್ದದ್ದು ಎರಡೇ ಕೋಣೆ. ಅದರಲ್ಲಿ ಒಂದು ಅಕ್ಕನ ತಲೆನೋವಿಗೆ ಮೀಸಲು.

ತಿಂಗಳಲ್ಲಿ ಮೂರು ಸಲವೋ ನಾಲ್ಕು ಸಲವೋ ಅದು ಬರುತ್ತಿತ್ತು. ಅಕ್ಕ ತಿವೋಂಗೆ ಬೆಳಿಗ್ಗೆ ಎದ್ದವಳೇ ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬಾಗಿಲಿಗೆ ಒರಗಿ ನಿಂತರೆ ಸಾಕು, ಅಮ್ಮ ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ಬಿಡುತ್ತಿದ್ದಳು. ಸೊಂಟಕ್ಕೆ ಸುತ್ತಿಕೊಂಡಿದ್ದ ಚಿತೆಂಜೆಯನ್ನೇ ಬಿಚ್ಚಿ ಒಳಕೋಣೆಯ ಕಿಟಕಿಗೆ ಕಟ್ಟುತ್ತಿದ್ದಳು. ಕೋಳಿಗಳನ್ನು ಅಂಗಳದಿಂದ ಅಟ್ಟುತ್ತಿದ್ದಳು. ಅಕ್ಕನಿಗೆ ಮೀನು ಹುರಿಯುವ ವಾಸನೆ ಆಗದು ಅಂತ ಒಲೆ ಆರಿಸುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, ಬಾಯಿ ತೆರೆಯದೆ, ಗಲ್ಲದಲ್ಲೇ ಒರಳು ತೋರಿಸುತ್ತಿದ್ದಳು. ಅಂದರೆ ಜೋಳ ಕುಟ್ಟುವ ಸದ್ದು ಇಲ್ಲಿ ಬೇಡ, ಪಕ್ಕದ ಮನೆಗೆ ಹೋಗು ಅಂತ. ನನ್ನ ಎದೆಯೆತ್ತರದ ಒರಳನ್ನು ಉರುಳಿಸಿಕೊಂಡು ನಾನು ಬೇಲಿ ದಾಟುತ್ತಿದ್ದೆ. ತಿರುಗಿ ನೋಡಿದರೆ ಅಮ್ಮ ಆಗಲೇ ಒಳಗೆ. ಅಕ್ಕನ ತಲೆ ತೊಡೆಯ ಮೇಲಿಟ್ಟುಕೊಂಡು, ಒದ್ದೆ ಬಟ್ಟೆಯಲ್ಲಿ ಹಣೆ ಒರೆಸುತ್ತಾ ಇಡೀ ಬೆಳಗು ಕೂತಿರುತ್ತಿದ್ದಳು.

ನನಗೆ ಎಂಟು ವರ್ಷವಿದ್ದಾಗ ಒಂದು ದಿನ ನಾನೂ ಕಣ್ಣಿಗೆ ಕೈ ಅಡ್ಡ ಹಿಡಿದು ಬಾಗಿಲಿಗೆ ಒರಗಿದೆ. "ಅಮ್ಮಾ, ತಲೆ..." ಅಂದೆ. ಅಮ್ಮ ನನ್ನ ಹಣೆ ಮುಟ್ಟಿ ನೋಡಿದಳು. ಡಬ್ಬಿಯಿಂದ ಮಲೇರಿಯಾ ಮಾತ್ರೆ ತೆಗೆದು, ಅರ್ಧ ಮುರಿದು ನನ್ನ ಬಾಯಿಗೆ ತುರುಕಿ, "ನುಂಗು. ನುಂಗಿ ಕೊಡ ತಗೊಂಡು ಹೋಗು, ಬಿಸಿಲೇರೋದ್ರೊಳಗೆ ನೀರು ತಾ" ಅಂದಳು. ಆ ಕಹಿ ಸರೋವರದ ದಂಡೆಯವರೆಗೂ ನಾಲಗೆಯ ಮೇಲಿತ್ತು. ಕೊಡ ಹೊತ್ತು ಹೋಗುತ್ತಾ, ಅಕ್ಕನ ತಲೆನೋವು ನನಗೆ ಬರಲಿ ದೇವರೇ ಅಂತ ಬೇಡಿಕೊಂಡೆ. ಅವಳ ನೋವು ಹೋಗಲಿ ಅಂತಲ್ಲ. ನನಗೆ ಬರಲಿ ಅಂತ.

ಹೆಸರಿನಲ್ಲೂ ಅವಳಿಗೇ ಲಾಭ. ತಿವೋಂಗೆ ಅಂದರೆ ನಮ್ಮ ತುಂಬುಕಾ ಮಾತಿನಲ್ಲಿ 'ವಂದಿಸೋಣ' ಅಂತ. ನಾನು ಹುಟ್ಟಿದ ತಿಂಗಳಲ್ಲಿ ಅಪ್ಪ ದೋಣಿ ಮುಳುಗಿ ತೀರಿಕೊಂಡರು, ಹಾಗಾಗಿ ನನಗೆ ಇಟ್ಟ ಹೆಸರು ಸುಜ್ಗೋ. ಕಷ್ಟ.

ದೊಡ್ಡವರಾದ ಮೇಲೂ ಲೆಕ್ಕ ಬದಲಾಗಲಿಲ್ಲ. ನಾನು ನರ್ಸ್ ಓದಿ, ಸೂಲಗಿತ್ತಿ ತರಬೇತಿ ಮುಗಿಸಿ, ನಮ್ಮ ದಂಡೆಯ ಸಣ್ಣ ಆಸ್ಪತ್ರೆಯಲ್ಲೇ ಕೆಲಸಕ್ಕೆ ಸೇರಿದೆ. ನನ್ನ ಗಂಡ ಜೋಹಾನ್ಸ್‌ಬರ್ಗಿಗೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಮನೆ ಹೂಡಿದ. ತಿವೋಂಗೆಯ ಗಂಡ ಲೈಸನ್ ಎಲ್ಲೂ ಹೋಗಲಿಲ್ಲ. ಬಡಗಿ ಕೆಲಸ ಅವನದು. ಅವಳಿಗೆ ತಲೆನೋವು ಬಂದ ದಿನ ಉಳಿ ಸುತ್ತಿಗೆ ಕೆಳಗಿಟ್ಟು, ಬರಿಗಾಲಲ್ಲಿ ಬೆಕ್ಕಿನ ಹಾಗೆ ಓಡಾಡುತ್ತಾ, ನ್ಸಿಮಾ ಮುದ್ದೆ ತಾನೇ ತಿರುವಿ, ಮಡಕೆಯ ಮುಚ್ಚಳವನ್ನೂ ಸದ್ದಾಗದ ಹಾಗೆ ಎರಡು ಕೈಯಲ್ಲಿ ಇಳಿಸುತ್ತಿದ್ದ. ಅಮ್ಮ ಇದ್ದದ್ದೂ ಅವರ ಮನೆಯಲ್ಲೇ. "ನೀನು ಗಟ್ಟಿ ಹೆಣ್ಣು ಸುಜ್ಗೋ. ಅವಳಿಗೆ ನಾನು ಬೇಕು" ಅಂತ ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದ್ದಳು. ಗಟ್ಟಿ ಅನ್ನುವ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮೂವತ್ತೇಳನೇ ವರ್ಷದಲ್ಲಿ ನನ್ನ ಎಡಗಿವಿಗೆ ಅದು ಶುರುವಾಯಿತು.

ಮೊದಲು ಒಂದು ಗುಂಯ್‌ಗುಡುವಿಕೆ, ಬೇಲಿಯಾಚೆ ಎಲ್ಲೋ ಹಿಟ್ಟಿನ ಗಿರಣಿ ಓಡುತ್ತಿರುವ ಹಾಗೆ. ನಮ್ಮ ಆಸ್ಪತ್ರೆಯ ಸುತ್ತ ಗಿರಣಿ ಇಲ್ಲ. ಆಮೇಲೆ ಕಿವಿಗೆ ಹತ್ತಿ ತುರುಕಿದ ಹಾಗೆ ಮಾತೆಲ್ಲ ದೂರ ಹೋಗುತ್ತಿತ್ತು. ಒಮ್ಮೊಮ್ಮೆ ನೆಲವೂ ದೋಣಿಯ ಹಾಗೆ ಓಲಾಡುತ್ತಿತ್ತು. ಎರಡು ಗಂಟೆಯೋ, ಅರ್ಧ ದಿನವೋ. ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಎಲ್ಲ ಸರಿ. ಮಲೇರಿಯಾ ಪರೀಕ್ಷೆ ಮಾಡಿಕೊಂಡೆ, ಇರಲಿಲ್ಲ. ಕಿವಿಯ ಗುಗ್ಗೆ ತೆಗೆಸಿದೆ, ಸ್ವಲ್ಪವೇ ಇತ್ತು. ಯಾರಿಗೂ ಹೇಳಲಿಲ್ಲ. ಹೆರಿಗೆ ಕೋಣೆಯಲ್ಲಿ ಕೆಲಸ ಮಾಡುವವಳಿಗೆ ಕಿವಿ ಹೋದರೆ ಉಳಿಯುವುದೇನು?

ಒಂದು ಭಾನುವಾರ ಚರ್ಚ್ ಮುಗಿಸಿ, ಅಮ್ಮನಿಗಾದರೂ ಹೇಳೋಣ ಅಂತ ಅಕ್ಕನ ಮನೆಗೆ ಹೋದೆ. ಆಸ್ಪತ್ರೆಯ ಕ್ವಾರ್ಟರ್ಸಿನಿಂದ ಇಪ್ಪತ್ತು ನಿಮಿಷದ ದಾರಿ. ನಡೆಯುವಾಗಲೇ ಗಿರಣಿ ಶುರುವಾಗಿತ್ತು. ಅಂಗಳಕ್ಕೆ ಕಾಲಿಟ್ಟರೆ ಕಿಟಕಿಗೆ ಬಟ್ಟೆ! ಲೈಸನ್ ಬರಿಗಾಲಲ್ಲಿ ಬಂದು ತುಟಿಯ ಮೇಲೆ ಬೆರಳಿಟ್ಟ. ಅಮ್ಮ ಒಳಗಿನಿಂದ ಬಂದು ಏನೋ ಅಂದಳು. ಅವಳ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ.

"ಏನು?" ಅಂದೆ.

ಅಮ್ಮ ಕೈಬೀಸಿ ಮತ್ತೆ ಪಿಸುಗುಟ್ಟಿದಳು. "...ಮಲಗಿದ್ದಾಳೆ" ಅನ್ನುವುದಷ್ಟೇ ಸಿಕ್ಕಿತು.

"ಅಮ್ಮಾ, ನನ್ನ ಕಿವಿ ಸರಿಯಿಲ್ಲ. ಕೇಳಿಸ್ತಿಲ್ಲ. ಜೋರಾಗಿ ಮಾತಾಡು."

"ಶ್!" ಅದು ಮಾತ್ರ ಚೆನ್ನಾಗಿ ಕೇಳಿಸಿತು. ಅಮ್ಮ ನನ್ನ ತೋಳು ಹಿಡಿದು ಬೇಲಿಯವರೆಗೆ ಎಳೆದು ತಂದಳು. "ನಿನ್ನ ಗಂಟಲು ನೋಡು, ಸಂತೆಯಲ್ಲಿ ಮೀನು ಮಾರೋಳ ಹಾಗೆ! ಅವಳಿಗೆ ಬೆಳಗಿನಿಂದ ಎರಡು ಸಲ ವಾಂತಿ ಆಗಿದೆ."

"ನನ್ನ ಕಿವಿ..."

"ಬೆಚ್ಚಗೆ ಎಣ್ಣೆ ಬಿಡು, ಹೋಗುತ್ತೆ. ಸಾಯಂಕಾಲ ಬಾ, ಅಷ್ಟೊತ್ತಿಗೆ ಅವಳು ಎದ್ದಿರ್ತಾಳೆ."

ನಾನು ಹೊರಟೆ. ತಿರುಗಿ ನೋಡಿದಾಗ ಅಮ್ಮ ಮತ್ತು ಲೈಸನ್ ತಲೆಗೆ ತಲೆ ಕೊಟ್ಟು ಏನೋ ಪಿಸುಮಾತಾಡುತ್ತಿದ್ದರು, ನನ್ನ ಕಡೆ ನೋಡುತ್ತಾ. ಏನಂದರೋ. ಆ ಮನೆಯಲ್ಲಿ ಎಲ್ಲರೂ ಅವಳಿಗೋಸ್ಕರ ಪಿಸುಗುಟ್ಟುತ್ತಾರೆ, ನನಗೆ ಪಿಸುಮಾತೊಂದೇ ಕೇಳುವುದಿಲ್ಲ. ದಾರಿಯುದ್ದಕ್ಕೂ ಆ ಮಾತುಗಳನ್ನು ನಾನೇ ತುಂಬಿಕೊಂಡೆ. 'ಅವಳಿಗೆ ಹೊಟ್ಟೆಕಿಚ್ಚು' ಅಂದಿರಬೇಕು. 'ಚಿಕ್ಕಂದಿನಿಂದಲೂ ಹಾಗೇ' ಅಂದಿರಬೇಕು. ನಿಜವೇ ತಾನೆ, ಅದಕ್ಕೇ ಹೆಚ್ಚು ಉರಿಯಿತು. ಅಂದು ಸಾಯಂಕಾಲ ಹೋಗಲಿಲ್ಲ. ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಮುಚ್ಚಿಟ್ಟದ್ದು ಹೊರಗೆ ಬಿದ್ದದ್ದು ಒಂದು ಬುಧವಾರ. ನ್ಯಾಮ್ಸಿಸ್ಕಾ ಅನ್ನುವ ಚೊಚ್ಚಿಲ ಬಸುರಿ ನೋವು ಶುರುವಾಗಿ ಬಂದಿದ್ದಳು. ಅವಳ ಹೊಟ್ಟೆಯ ಮೇಲೆ ಮರದ ತುತ್ತೂರಿ ಇಟ್ಟು, ಎಡಗಿವಿ ಅದಕ್ಕೆ ಒತ್ತಿದೆ. ಆ ತುತ್ತೂರಿಯಲ್ಲೇ ನಾವು ಮಗುವಿನ ಎದೆಬಡಿತ ಕೇಳುವುದು. ಹದಿನಾಲ್ಕು ವರ್ಷದಿಂದ ನನ್ನ ಎಡಗಿವಿಗೆ ಅದೇ ಕೆಲಸ. ಏನೂ ಕೇಳಲಿಲ್ಲ. ಜಾಗ ಬದಲಿಸಿದೆ. ಗಿರಣಿಯ ಸದ್ದು, ಅಷ್ಟೇ. ಇನ್ನೂ ಕೆಳಗೆ ಇಟ್ಟೆ. ನನ್ನ ಕಿವಿ ಆ ವಾರದಲ್ಲಿ ಎರಡು ಸಲ ಕೈಕೊಟ್ಟಿದೆ ಅನ್ನುವುದು ಆ ಹೊತ್ತಿನಲ್ಲಿ ನೆನಪೇ ಆಗಲಿಲ್ಲ. ಬಲಗಿವಿಯಲ್ಲಿ ಕೇಳಿ ನೋಡಬೇಕು ಅಂತಲೂ ಹೊಳೆಯಲಿಲ್ಲ. ಮಗು ಹೋಗಿದೆ ಅಂತಲೇ ಅಂದುಕೊಂಡೆ.

ನಾನು ಬಾಯಿಬಿಟ್ಟು ಏನೂ ಹೇಳಲಿಲ್ಲ, ನನ್ನ ಮುಖವೇ ಹೇಳಿತು. ನ್ಯಾಮ್ಸಿಸ್ಕಾ ನನ್ನ ಮಣಿಕಟ್ಟು ಹಿಡಿದಳು. "ಏನಾಯ್ತು ಸಿಸ್ಟರ್? ಯಾಕೆ ಸುಮ್ಮನಾದ್ರಿ? ಸಿಸ್ಟರ್!" ಅಂತ ಕೂಗಿ ಅಳಲು ಶುರು ಮಾಡಿದಳು.

ನನ್ನ ಜೊತೆ ಕೆಲಸ ಮಾಡುವ ವೇಜಿ ಓಡಿಬಂದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ತುತ್ತೂರಿ ನನ್ನ ಕೈಯಿಂದ ತೆಗೆದುಕೊಂಡು ಕಿವಿಯಿಟ್ಟಳು, ಗೋಡೆ ಗಡಿಯಾರ ನೋಡುತ್ತಾ ಬೆರಳು ಮಡಚಿದಳು, ನಕ್ಕಳು.

"ಅಯ್ಯೋ ಅಳಬೇಡಮ್ಮ. ಕುದುರೆ ಓಡಿದ ಹಾಗೆ ಓಡ್ತಿದೆ. ನೂರ ನಲವತ್ತು!"

ಮಗು ಮಧ್ಯಾಹ್ನ ಹುಟ್ಟಿತು, ಗಂಡು, ಗಟ್ಟಿ ಕೂಗು. ಆ ಕೂಗೂ ನನಗೆ ಗೋಡೆಯಾಚೆಯಿಂದ ಬಂದ ಹಾಗೆ ಕೇಳಿತು. ಬಾಣಂತಿ ವೇಜಿಯ ಕೈಯನ್ನೇ ಹಿಡಿದುಕೊಂಡಿದ್ದಳು. ನನ್ನ ಕಡೆ ನೋಡಲಿಲ್ಲ.

ಕೈ ತೊಳೆಯುವ ಕಡೆ ವೇಜಿ ನನ್ನ ಪಕ್ಕಕ್ಕೆ ಬಂದಳು. "ಸಿಸ್ಟರ್, ಬೇಜಾರು ಮಾಡ್ಕೋಬೇಡಿ. ಒಂದು ತಿಂಗಳಿಂದ ನೋಡ್ತಿದೀನಿ. ನಾನು ಈ ಕಡೆಯಿಂದ ಕರೆದ್ರೆ ನೀವು ತಿರುಗಲ್ಲ. ಇವತ್ತು ಆಗಿದ್ದು ಉಲ್ಟಾ ಆಗಿದ್ರೆ? ಬದುಕಿರೋ ಮಗೂನ ಸತ್ತಿದೆ ಅಂದ್ಕೊಂಡ್ರಿ, ಹೋಗಲಿ, ಬಡಿತ ನಿಧಾನ ಆಗ್ತಿರೋದು ನಿಮಗೆ ಗೊತ್ತಾಗದೇ ಹೋಗಿದ್ರೆ?"

ಪೇಟೆಯ ದೊಡ್ಡಾಸ್ಪತ್ರೆಗೆ ತಿಂಗಳಿಗೊಮ್ಮೆ ಮ್ಜುಜು ನಗರದಿಂದ ಕಿವಿ ಡಾಕ್ಟರ್ ಬರುತ್ತಾರೆ. ಬರುವ ಮಂಗಳವಾರ ಅವರ ದಿನ. ವೇಜಿಯೇ ಚೀಟಿ ಬರೆಸಿಕೊಟ್ಟಳು. ತಲೆ ಸುತ್ತುವವಳು ಒಬ್ಬಳೇ ಹೋಗಬಾರದು ಅಂತ ಅಮ್ಮನಿಗೂ ಹೇಳಿಕಳಿಸಿದಳು.

ಮಂಗಳವಾರ ಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತಿದ್ದವಳು ಅಮ್ಮನಲ್ಲ, ತಿವೋಂಗೆ. ಒಳ್ಳೆ ಚಿತೆಂಜೆ ಉಟ್ಟು, ತಲೆಗೆ ಬಟ್ಟೆ ಕಟ್ಟಿ, ಕೈಯಲ್ಲಿ ಬುತ್ತಿ ಹಿಡಿದಿದ್ದಳು.

"ಅಮ್ಮ ಎಲ್ಲಿ?"

"ಅಮ್ಮನಿಗೆ ಮಂಡಿ ನೋವು, ಮಿನಿಬಸ್ಸು ಹತ್ತಕ್ಕಾಗಲ್ಲ. ನಾನು ಬರ್ತೀನಿ ಅಂದೆ."

"ನಿನಗೆ ಬಸ್ಸಿನಲ್ಲಿ ತಲೆನೋವು ಬರುತ್ತೆ."

"ಬಂದ್ರೆ ಬರಲಿ ಬಿಡೆ."

ಅವಳು ಹಾಗೆ ಅಂದದ್ದೂ ನನಗೆ ಹಿಡಿಸಲಿಲ್ಲ. ಬಂದರೆ ಇವತ್ತಿನ ದಿನವೂ ಅವಳದೇ ಆಗುತ್ತದಲ್ಲ ಅಂದುಕೊಂಡೆ. ಅಂದುಕೊಂಡ ಹಾಗೇ ಆಯಿತು. ಮಿನಿಬಸ್ಸಿನಲ್ಲಿ ಹನ್ನೆರಡು ಜನ ಕೂರುವ ಕಡೆ ಇಪ್ಪತ್ತು ಜನ, ತಲೆಯ ಮೇಲೇ ಹಾಡಿನ ಪೆಟ್ಟಿಗೆ, ಕಾಲ ಕೆಳಗೆ ಒಣಮೀನಿನ ಮೂಟೆ. ಸರೋವರದ ಮೇಲಿನ ಬಿಸಿಲು ಗಾಜಿನಿಂದ ನೇರ ಕಣ್ಣಿಗೆ. ಮೊದಲ ಏರು ಹತ್ತುವಷ್ಟರಲ್ಲೇ ಅವಳು ಕಣ್ಣಿಗೆ ಅಂಗೈ ಇಟ್ಟಳು. ನನಗೂ ಆ ಮೀನಿನ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು, ಎಡಗಿವಿಯಲ್ಲಿ ಗಿರಣಿ ಜೋರಾಗಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಪಕ್ಕದ ಹೆಂಗಸು ಅಕ್ಕನಿಗೆ ಕಿಟಕಿಯ ಜಾಗ ಬಿಟ್ಟುಕೊಟ್ಟಳು. ಮುಂದೆ ಕೂತಿದ್ದ ಪಾದ್ರಿ ಹಾಡು ಸಣ್ಣಗೆ ಮಾಡಿಸಿದರು. ಜಗತ್ತೆಲ್ಲ ಅವಳ ತಲೆನೋವಿಗೆ ಎದ್ದು ಜಾಗ ಕೊಡುತ್ತದೆ.

ಆಸ್ಪತ್ರೆಯ ಉದ್ದ ಬೆಂಚಿನ ತುಂಬ ಜನ. ನಾನು ಗೋಡೆ ಪಕ್ಕ ಕೂತೆ, ಅವಳು ನನ್ನ ಎಡಕ್ಕೆ. ಬಾಗಿಲೂ ಎಡಕ್ಕೇ ಇತ್ತು. ಗಂಟೆಗಟ್ಟಲೆ ಕಾದೆವು. ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನು ಬಲಗಡೆಯ ಗೋಡೆಗೆ ಅಂಟಿಸಿದ್ದ ಸೊಳ್ಳೆಪರದೆಯ ಚಿತ್ರವನ್ನೇ ನೋಡುತ್ತಾ ಕೂತಿದ್ದೆ, ಅವಳ ಕಡೆ ತಿರುಗಬಾರದು ಅಂತ.

ಎಷ್ಟೋ ಹೊತ್ತಾದ ಮೇಲೆ ಬೆಂಚು ಹಗುರಾದ ಹಾಗಾಯಿತು. ತಿರುಗಿದರೆ ಪಕ್ಕದಲ್ಲಿ ಅವಳಿಲ್ಲ. ನೋಡುತ್ತೇನೆ, ಒಬ್ಬ ನರ್ಸ್ ಅವಳ ಸೊಂಟಕ್ಕೆ ಕೈಹಾಕಿ, "ನಿಧಾನ, ನಿಧಾನ" ಅನ್ನುವ ಹಾಗೆ, ಕಿವಿ ಡಾಕ್ಟರ ಕೋಣೆಯೊಳಗೆ ಕರೆದುಕೊಂಡು ಹೋಗುತ್ತಿದ್ದಾಳೆ. ಬಾಗಿಲು ಮುಚ್ಚಿತು. ಹೊರಗೆ ಬರುತ್ತಾಳೇನೋ ಅಂತ ಒಂದೆರಡು ನಿಮಿಷ ಕಾದೆ, ಬರಲಿಲ್ಲ.

ನಡೆದದ್ದು ಏನು ಅಂತ ಆಮೇಲೆ ಗೊತ್ತಾಯಿತು. ನರ್ಸ್ ಕೂಗಿದ್ದು "ನ್ಯಾಲುಹಂಗಾ!" ಅಂತ. ನಮ್ಮ ಕುಲದ ಹೆಸರು, ನಮ್ಮಿಬ್ಬರಿಗೂ ಒಂದೇ. ಎರಡು ಸಲ ಕೂಗಿದರೂ ನನಗೆ ಕೇಳಲಿಲ್ಲ. ಇಲ್ಲಿದ್ದೀವಿ ಅಂತ ಹೇಳಲು ತಿವೋಂಗೆ ಎದ್ದು ನಿಂತಳು. ನಿಂತವಳು ತತ್ತರಿಸಿದಳು. ತಲೆ ಸುತ್ತುವ ರೋಗಿ ಇವಳೇ ಅಂತ ನರ್ಸ್ ಅವಳನ್ನು ಹಿಡಿದುಕೊಂಡಳು.

ಆಗ ನನಗೆ ಅದೊಂದೂ ಗೊತ್ತಿರಲಿಲ್ಲ. ಕಂಡದ್ದು ಇಷ್ಟೇ: ನನ್ನ ಚೀಟಿ, ನನ್ನ ಸರದಿ, ನನ್ನ ಡಾಕ್ಟರ್, ಒಳಗೆ ಹೋದವಳು ಅವಳು. ಮೂವತ್ತು ವರ್ಷದ್ದೆಲ್ಲ ಒಟ್ಟಿಗೆ ಗಂಟಲಿಗೆ ಬಂತು. ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದೆ.

"ನನ್ನ ಕಿವೀನೂ ನಿನಗೇ ಬೇಕಾಯ್ತೇನೆ?" ಅಂತ ಕಿರುಚಿದೆ. "ಅಮ್ಮನ್ನ ತಗೊಂಡೆ, ಮನೆಯಲ್ಲಿದ್ದ ಕೋಣೆ ತಗೊಂಡೆ, ಎಲ್ಲರ ಕರುಣೆ ತಗೊಂಡೆ. ಇದೊಂದು ನಂದು ಅಂತಿತ್ತು. ಇದನ್ನಾದ್ರೂ ಬಿಡು!"

ತಿವೋಂಗೆ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ನನ್ನ ದನಿ ಅವಳಿಗೆ ಚಾಟಿಯ ಹಾಗೆ ಬಡಿಯುತ್ತಿತ್ತು. ಅದು ಗೊತ್ತಿದ್ದೂ ನಾನು ಸಣ್ಣದು ಮಾಡಲಿಲ್ಲ. ನಿಜ ಹೇಳಬೇಕೆಂದರೆ ಒಂದು ಕ್ಷಣ ಸುಖವಾಗಿತ್ತು.

ಡಾಕ್ಟರ್ ಕುಮ್ವೆಂಡಾ ವಯಸ್ಸಾದವರು, ದಪ್ಪ ಕನ್ನಡಕ. ಅವರು ಏಳಲಿಲ್ಲ, ಬೈಯಲೂ ಇಲ್ಲ. ನರ್ಸಿಗೆ ಕಿಟಕಿಯ ಪರದೆ ಎಳೆಯಲು ಹೇಳಿ, ನನಗೆ ಕುರ್ಚಿ ತೋರಿಸಿದರು.

"ಕೂತ್ಕೊಳ್ಳಿ. ಕಿವಿ ನಿಮ್ಮದೋ?"

"ನಂದು."

"ಇವರೂ ಅದನ್ನೇ ಹೇಳ್ತಿದ್ರು, 'ನಂದಲ್ಲ, ತಂಗೀದು' ಅಂತ. ನಾನು ಕೇಳಿಸ್ಕೊಳ್ಳದೆ ಟಾರ್ಚ್ ಬಿಟ್ಟೆ, ತಪ್ಪು ನಂದು." ಆಮೇಲೆ ಅಕ್ಕನ ಕಡೆ ನೋಡಿ, "ನೀವು ಈಗ ಏನೋ ಅಂದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ" ಅಂದರು.

ತಿವೋಂಗೆ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ತಲೆನೋವು ಬರೋಕೆ ಮುಂಚೆ ನನಗೂ ಕಿವಿ ಗುಂಯ್ ಅನ್ನುತ್ತೆ ಅಂದೆ. ಒಂದು ಗಂಟೆ ಮುಂಚೆ. ಯಾವಾಗಲೂ."

"ಯಾವ ಥರ ಸದ್ದು?" ಅಂತ ಕೇಳಿದ್ದು ನಾನು. ಬಾಯಿಂದ ತಾನಾಗಿ ಬಂತು.

"ಗಿರಣಿ ಥರ. ದೂರದಲ್ಲಿ."

ಡಾಕ್ಟರ್ ನನ್ನ ಕಡೆ ತಿರುಗಿ ಕೇಳುತ್ತಾ ಹೋದರು. ಕಿವಿ ಕಟ್ಟಿದಾಗ ಬೆಳಕು ಚುಚ್ಚುತ್ತಾ? ಚುಚ್ಚುತ್ತೆ. ವಾಸನೆ? ಮೀನು ಹುರಿದರೆ ವಾಂತಿ ಬರುತ್ತೆ. ಊಟ ತಪ್ಪಿದ ದಿನ, ನಿದ್ದೆಗೆಟ್ಟ ಡ್ಯೂಟಿ ಮಾರನೇ ದಿನ ಹೆಚ್ಚಾ? ಹೌದು. ಮುಟ್ಟಿನ ದಿನಗಳಲ್ಲಿ? ಹೌದು. ಕಿವಿ ಕೆಡಿಸೋ ಔಷಧಿ, ಕ್ವಿನೀನೋ ಕ್ಷಯದ ಇಂಜೆಕ್ಷನ್ನೋ, ತಗೊಂಡಿದ್ರಾ? ಇಲ್ಲ. ಕವಲು ಲೋಹದ ಕಡ್ಡಿಯೊಂದನ್ನು ಮಂಡಿಗೆ ಬಡಿದು ಒಂದೊಂದು ಕಿವಿಯ ಹತ್ತಿರ ಹಿಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

"ಇದೇ ಅಂತ ಖಚಿತವಾಗಿ ತೋರಿಸೋ ಪರೀಕ್ಷೆ ಇಲ್ಲ. ಕಿವಿಯದೇ ಬೇರೆ ಕಾಯಿಲೆಯೂ ಇರಬಹುದು, ಅದಕ್ಕೇ ಮೂರು ತಿಂಗಳಿಗೊಮ್ಮೆ ನೋಡ್ತೀನಿ. ಆದರೆ ನಿಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದ ಮೇಲೆ ನನಗನ್ಸೋದು, ಇದು ಮೈಗ್ರೇನು. ಅದು ಎಲ್ಲರಿಗೂ ತಲೆನೋವಾಗೇ ಬರಬೇಕು ಅಂತಿಲ್ಲ. ಕೆಲವರಿಗೆ ತಲೆ ಸುತ್ತಾಗಿ ಬರುತ್ತೆ, ಕೆಲವರಿಗೆ ಕಿವಿಯ ಸದ್ದಾಗಿ. ಒಂದೇ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಥರ. ಅಕ್ಕನಿಗೆ ತಲೆಗೆ ಬಂದಿದ್ದೇ ನಿಮಗೆ ಕಿವಿಗೆ ಬಂದಿದೆ."

ಅದನ್ನು ಕೇಳಿ ನನಗೆ ಹಾಯೆನಿಸಬೇಕಿತ್ತು. ಅನಿಸಲಿಲ್ಲ. ನೀರಿಗೆ ಹೋಗುತ್ತಾ ಬೇಡಿಕೊಂಡದ್ದು ಕೈಗೆ ಬಂದಿದೆ, ಆದರೆ ಅದರ ಜೊತೆ ಕೋಣೆಯೂ ಇಲ್ಲ, ಅಮ್ಮನ ತೊಡೆಯೂ ಇಲ್ಲ ಅಂತ ಮಾತ್ರ ಅನಿಸಿತು.

ಇಬ್ಬರಿಗೂ ಒಂದೇ ಮಾತ್ರೆ ಬರೆದುಕೊಟ್ಟರು, ಮಲಗುವ ಮುಂಚೆ ಅರ್ಧ ಅರ್ಧ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ನೀರು ಅಂದರು. ಕಿವಿ ಕಟ್ಟಿದ ದಿನ ತುತ್ತೂರಿ ಮುಟ್ಟಬಾರದು, ಬೇರೆ ದಿನ ಬಲಗಿವಿಯಲ್ಲೇ ಕೇಳಬೇಕು ಅಂತಲೂ ಅಂದರು. ಅಕ್ಕನಿಗೆ ನೋವಿನ ಮಾತ್ರೆ ಕೊಟ್ಟು ಒಂದು ಗಂಟೆ ಅಲ್ಲೇ ಮಲಗಿಸಿದರು.

ಬಿಸಿಲು ಇಳಿಯುವವರೆಗೆ ಆಸ್ಪತ್ರೆಯ ಹಿಂದಿನ ಮಾವಿನ ಮರದ ಕೆಳಗೆ ಕೂತಿದ್ದೆವು. ನನಗೆ ಹಸಿವಾಗಿತ್ತು. ಬುತ್ತಿಯಲ್ಲಿದ್ದ ಮಂದಾಸಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ, ಒಂದಾದ ಮೇಲೊಂದು ತಿಂದೆ. ಅವಳು ಮುಟ್ಟಲಿಲ್ಲ.

"ಕಿವಿ ಗುಂಯ್ ಅನ್ನೋದು ನನಗೆ ಯಾಕೆ ಹೇಳಿರಲಿಲ್ಲ?" ಅಂದೆ.

"ನೀನು ಯಾವತ್ತು ಕೇಳಿದ್ದೆ? ನೀನು ನನ್ನ ತಲೆನೋವಿನ ದಿನ ಬಾಗಿಲ ಹತ್ತಿರವೂ ಬರ್ತಿರಲಿಲ್ಲ."

"ಅಮ್ಮ ಬಿಡ್ತಿರಲಿಲ್ಲ."

"ಅಮ್ಮ ಬಿಡ್ತಿರಲಿಲ್ಲ, ನೀನೂ ಬರ್ತಿರಲಿಲ್ಲ." ಅವಳು ಮರಕ್ಕೆ ತಲೆ ಆನಿಸಿದಳು. "ನಾನು ಒಳಗೆ ಬಿದ್ಕೊಂಡು ಬೇಲಿಯಾಚೆ ನೀನು ಆ ಮನೆ ಹುಡುಗೀರ ಜೊತೆ ಜೋಳ ಕುಟ್ಟೋದು ಕೇಳ್ತಿದ್ದೆ. ನಗು, ಹಾಡು, ಚಪ್ಪಾಳೆ. ಅಮ್ಮನ ಕೈ ಹಣೆ ಮೇಲಿತ್ತು, ಸರಿ. ಆ ಕೈ ತೆಗೆದು ಎಸೆದು ಓಡಿಬರೋಣ ಅನ್ನಿಸ್ತಿತ್ತು. ನಿನಗೆ ಹೊಟ್ಟೆ ಉರೀತು ಅಂತೀಯಲ್ಲ, ಹೈಸ್ಕೂಲಿಗೆ ದಾಟಿಸೋ ಎಂಟನೇ ಕ್ಲಾಸಿನ ಪರೀಕ್ಷೆ ದಿನ ನಾನೆಲ್ಲಿದ್ದೆ?"

ಎಲ್ಲಿದ್ದಳು ಅಂತ ಗೊತ್ತಿತ್ತು. ಕತ್ತಲೆ ಕೋಣೆಯಲ್ಲಿ.

"ಮುಂದಿನ ವರ್ಷವೂ ಅದೇ ದಿನಕ್ಕೆ ಬಂತು ಆ ಹಾಳು ನೋವು. ಮೂರನೇ ವರ್ಷ ಅಮ್ಮ ಸಾಕು ಅಂದ್ಳು. ನೀನು ಮೊದಲನೇ ಸಲಕ್ಕೇ ಪಾಸಾಗಿ ಬಂದೆ. ನರ್ಸ್ ಬಟ್ಟೆ ಹಾಕ್ಕೊಂಡು ಮೊದಲ ದಿನ ನಮ್ಮನೆ ಮುಂದೆ ಹೋದೆಯಲ್ಲ, ಬಿಳಿ ಬೂಟು, ಕೈಗೆ ವಾಚು. ನಾನು ಬಾಗಿಲು ಹಾಕ್ಕೊಂಡು ಅತ್ತೆ. ತಲೆನೋವು ಅಂತ ಅಮ್ಮನಿಗೆ ಸುಳ್ಳು ಹೇಳಿದೆ."

"ಸುಳ್ಳು ತಲೆನೋವಾ?"

"ಹೂಂ. ಇಡೀ ದಿನ."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ನಗೋದು ಸಾಕು, ಮಂದಾಸಿ ನನಗೆ ಎರಡಾದ್ರೂ ಉಳಿಸು ಅಂದಳು. ಉಳಿದಿದ್ದದ್ದು ಒಂದೇ. ಅದಕ್ಕೂ ಸ್ವಲ್ಪ ಜಗಳವಾಡಿದೆವು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆವು. ಅಮ್ಮ ಮಂಡಿ ನೀವಿಕೊಳ್ಳುತ್ತಾ ಕೇಳಿದಳು. ಕೊನೆಗೆ, "ನಿಮ್ಮಜ್ಜಿಗೂ ಹೀಗೇ ಇತ್ತು" ಅಂದಳು. "ಕಿವಿ ಮುಚ್ಕೊಂಡು ಗೋಡೆಗೆ ತಲೆ ಒತ್ತಿ ಕೂರೋಳು. ಮೈಮೇಲೆ ವಿಂಬುಜಾ ದೆವ್ವ ಬಂದಿದೆ ಅಂತ ಮಾವಂದಿರೆಲ್ಲ ಸೇರಿ ಡೋಲು ಬಡಿಸಿದ್ರು, ಮೂರು ದಿನ. ತಲೆ ಸಿಡೀತಿರೋ ಹೆಂಗಸಿನ ಸುತ್ತ ಡೋಲು! ಅವಳು ಕೂಗಿದಷ್ಟೂ ದೆವ್ವ ಕೂಗ್ತಿದೆ ಅಂತ ಇನ್ನೂ ಜೋರಾಗಿ ಬಡಿದ್ರು. ನಾನು ಚಿಕ್ಕೋಳು, ಮೂಲೆಯಲ್ಲಿ ನಿಂತು ನೋಡ್ತಿದ್ದೆ. ತಿವೋಂಗೆಗೆ ಮೊದಲ ಸಲ ಬಂದಾಗ, ಇವಳ ತಲೆ ಹತ್ತಿರ ಒಂದು ಎಲೆ ಬಿದ್ದ ಸದ್ದೂ ಆಗಬಾರದು ಅಂತ ಅಂದ್ಕೊಂಡೆ."

ಆದರೂ ನಾನು ಬಿಡಲಿಲ್ಲ.

"ಮತ್ತೆ ನನಗೆ ಬಂದಾಗ ಕಹಿ ಮಾತ್ರೆ ತಿನ್ನಿಸಿ ನೀರಿಗೆ ಕಳಿಸಿದೆಯಲ್ಲ?"

ಅಮ್ಮ ನನ್ನ ಮುಖ ನೋಡಿದಳು. "ನೀನು ಸುಳ್ಳು ಹೇಳ್ತಿದ್ದೆಯಲ್ಲೇ."

"ಇವಳು ಹೇಳಿದ ಸುಳ್ಳು ಗೊತ್ತಾಗಲಿಲ್ಲವಾ ನಿನಗೆ?"

"ಗೊತ್ತಾಯ್ತು. ಆದರೆ ಅವತ್ತು ಇವಳು ನಿಜವಾಗ್ಲೂ ಅಳ್ತಿದ್ಳು."

ಮಾತ್ರೆ ಶುರುಮಾಡಿ ಮೂರು ತಿಂಗಳಾಯಿತು. ಒಂದೇ ಮಾತ್ರೆ, ಒಂದೇ ಅರ್ಧ. ತಿವೋಂಗೆಯ ತಲೆನೋವು ತಿಂಗಳಿಗೆ ಒಂದಕ್ಕೆ ಇಳಿಯಿತು. ಮೈಕೈ ತುಂಬಿಕೊಂಡು, ಚರ್ಚಿನ ಹೆಂಗಸರ ಸಂಘಕ್ಕೆ ಸೇರಿ, ಸಂತೆಯಲ್ಲಿ ಟೊಮೇಟೊ ಮಾರಲೂ ಶುರುಮಾಡಿದಳು. ನನ್ನ ತಲೆಸುತ್ತು ನಿಂತಿತು, ಗಿರಣಿ ಅಪರೂಪವಾಯಿತು, ಆದರೆ ಎಡಗಿವಿ ಪೂರ್ತಿ ಮರಳಲಿಲ್ಲ. ಸಣ್ಣ ಸದ್ದು, ಪಿಸುಮಾತು ಆ ಕಡೆಯಿಂದ ಇನ್ನು ಬರುವುದಿಲ್ಲ ಅಂತ ಡಾಕ್ಟರ್ ನೇರವಾಗಿಯೇ ಹೇಳಿದರು. ಹೆರಿಗೆ ಕೋಣೆಯಲ್ಲಿ ಬಲಗಿವಿಗೆ ಕೆಲಸ ಕಲಿಸಿದೆ. ಮೊದಮೊದಲು ಎಡಗೈಯಲ್ಲಿ ಬರೆದ ಹಾಗೆ ಇತ್ತು. ಪ್ರತಿ ಸಲವೂ ನನ್ನ ನಂತರ ವೇಜಿ ಒಮ್ಮೆ ಕೇಳುತ್ತಾಳೆ. ನಾನೇ ಹಾಗೆ ಮಾಡು ಅಂದಿದ್ದೇನೆ.

ಮೂರು ತಿಂಗಳ ತಪಾಸಣೆಗೆ ಡಾಕ್ಟರ ಹತ್ತಿರ ಹೋಗಿ ಬಂದ ವಾರದ ಶನಿವಾರ ಸಂತೆಯಲ್ಲಿ ಅಕ್ಕನ ಟೊಮೇಟೊ ರಾಶಿಯ ಪಕ್ಕ ಹೋಗಿ ಕೂತೆ. ಅವಳು ಯಾರೊಂದಿಗೋ ಚೌಕಾಸಿ ಮಾಡುತ್ತಾ ನಗುತ್ತಿದ್ದಳು. ಗಿರಾಕಿ ಹೋದ ಮೇಲೆ ಹೇಳಿಬಿಟ್ಟೆ.

"ಅಕ್ಕ, ನನಗೆ ಇನ್ನೂ ಹೊಟ್ಟೆ ಉರೀತಿದೆ. ಮಾತ್ರೆಯೂ ನಿನಗೇ ಚೆನ್ನಾಗಿ ಹಿಡೀತು."

ಇಷ್ಟು ವರ್ಷದಲ್ಲಿ ಅದನ್ನು ಕಿರುಚದೆ ಹೇಳಿದ್ದು ಅದೇ ಮೊದಲು. ಅವಳು ಕೈಯಲ್ಲಿದ್ದ ಟೊಮೇಟೊ ರಾಶಿಯ ಮೇಲಿಟ್ಟು ಏನೋ ಅಂದಳು.

"ಕೇಳಿಸಲಿಲ್ಲ."

ಅವಳು ಎದ್ದಳು. ಮಣೆ ಎತ್ತಿಕೊಂಡು, ನನ್ನನ್ನು ಸುತ್ತು ಹಾಕಿ, ಬಲಗಡೆಗೆ ಬಂದು ಕೂತಳು.

"ಉರೀಲಿ ಬಿಡು, ನನಗೂ ಒಂದಿಷ್ಟಿದೆ ಅಂದೆ," ಅಂದಳು. "ಈಗ ಕೇಳಿಸ್ತಾ?"

"ಕೇಳಿಸ್ತು."

"ಹಾಗಾದ್ರೆ ಇದನ್ನೂ ಕೇಳು. ಆ ಲೈಸನ್ ಇದ್ದಾನಲ್ಲ, ನನಗೆ ತಲೆನೋವು ಕಮ್ಮಿ ಆದಾಗಿನಿಂದ ಒಂದು ಲೋಟ ನೀರೂ ತಾನಾಗಿ ಕುಡಿಯಲ್ಲ..." ಅಂತ ಶುರುಮಾಡಿದವಳು, ಗಿರಾಕಿಗಳು ಬಂದರೂ ನಿಲ್ಲಿಸಲಿಲ್ಲ, ಹೋದರೂ ನಿಲ್ಲಿಸಲಿಲ್ಲ. ಗಂಡನ ಗೊರಕೆ, ಗಂಡನ ಅಕ್ಕತಂಗಿಯರು, ಗಂಡ ಹಾಳುಮಾಡಿದ ಮಂಚ. ಮಧ್ಯಾಹ್ನದವರೆಗೂ ಎಲ್ಲ ಒಂದಕ್ಷರ ಬಿಡದೆ ಕೇಳಿಸಿತು.